ಉಸಿರುಗಂಡಿಯ ಮೇಲಿನ ಕಲ್ಲು

ನಮ್ಮ ಊರಿಗೆ ಬೆಂಕಿಪೊಟ್ಟಣ ಮಾರಲು ಬಂದ ವ್ಯಾಪಾರಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಪಾಪ, ಬೀದಿಯುದ್ದಕ್ಕೂ ಕೂಗಿಕೊಂಡು ಬಂದ. ಹೆಂಗಸರು ಬಾಗಿಲಿಗೆ ಬಂದು, ಪೊಟ್ಟಣ ತೆರೆಸಿ, ಕಡ್ಡಿ ಗೀರಿಸಿ ನೋಡಿ, ಚೆನ್ನಾಗಿದೆ ಎಂದು ಮೆಚ್ಚಿ, ಮಜ್ಜಿಗೆ ಕೊಟ್ಟು ಕಳಿಸಿದರು. ಕೊಂಡು ಮಾಡುವುದೇನು? ನಮ್ಮ ಊರಿನ ಪ್ರತಿ ಅಡಿಗೆಮನೆಯಲ್ಲೂ ಒಂದು ಉಸಿರುಗಂಡಿ ಇದೆ. ತೆಂಗಿನಕಾಯಿ ಹಿಡಿಸುವಷ್ಟು ಅಗಲದ ತೂತು. ಅದರೊಳಗಿಂದ ಗುಡ್ಡದ ಬಿಸಿ ಹಗಲೂ ರಾತ್ರಿ ಮೇಲೆ ಬರುತ್ತಿರುತ್ತದೆ. ಪಾತ್ರೆ ಇಟ್ಟರೆ ಅನ್ನವಾಗುತ್ತದೆ, ಕಾವಲಿ ಇಟ್ಟರೆ ದೋಸೆಯಾಗುತ್ತದೆ. ಹೊಸದಾಗಿ ಮದುವೆಯಾದವರು ಬೇರೆ ಮನೆ ಹೂಡಿದರೆ ಒಂದು ದಿನ ಅಡಿಗೆಮನೆಯ ನೆಲ ಬೆಚ್ಚಗಾಗಿ, ಬಿರುಕು ಬಿಟ್ಟು, ಗಂಡಿ ತಾನೇ ಬಾಯಿ ತೆರೆಯುತ್ತದೆ. ಅಲ್ಲಿಯವರೆಗೆ ಅತ್ತೆಯ ಮನೆಯ ಊಟ.

ಊರು ಇರುವುದೇ ಗುಡ್ಡದ ಮೈಮೇಲೆ. ಗುಡ್ಡದ ಹೊಟ್ಟೆ ಎಷ್ಟು ಆಳದಲ್ಲಿದೆಯೋ ಕಂಡವರಿಲ್ಲ. ಅಲ್ಲಿ ಕಲ್ಲು ಕರಗಿ ರಸವಾಗಿ ನಿಂತಿದೆ. ಹೊಟ್ಟೆಯಿಂದ ನೆತ್ತಿಯವರೆಗೆ ಒಂದು ಗಂಟಲು. ನೆತ್ತಿಯಲ್ಲಿ ಗಂಟಲು ಮುಗಿಯುವ ಕಡೆ ಹಳೆಯ ರಸವೇ ಆರಿ, ಗಟ್ಟಿಯಾಗಿ, ಬಿರಡೆಯಂತೆ ಕೂತಿದೆ. ಗಂಟಲಿನಿಂದ ಕವಲೊಡೆದ ಸಣ್ಣ ಸಣ್ಣ ಸೀಳುಗಳು ನಮ್ಮ ಮನೆಗಳಿಗೆ ಬಂದು ಮುಟ್ಟುತ್ತವೆ. ಗುಡ್ಡ ಹೇಗೆ ಬೆಳೆಯಿತೆಂದು ನೋಡಬೇಕಾದವರು ಬಾವಿ ತೋಡಿಸಿದರಾಯಿತು. ಒಂದು ಪದರ ಬೂದಿ, ಒಂದು ಪದರ ಕರಿಕಲ್ಲು, ಮತ್ತೆ ಬೂದಿ, ಮತ್ತೆ ಕಲ್ಲು, ಥೇಟು ಚಿರೋಟಿಯ ಹಾಗೆ. ತಾನು ಕಕ್ಕಿದ್ದನ್ನೆಲ್ಲ ತಾನೇ ಹೊದ್ದುಕೊಂಡು ಎತ್ತರವಾದ ಗುಡ್ಡ ಇದು. ನಮ್ಮ ಹಿತ್ತಲ ಬಾವಿ ತೋಡುವಾಗ ಒಂದು ಬೂದಿಪದರದೊಳಗೆ ಮಡಕೆಯ ಚೂರೂ ಬಳೆಯ ತುಂಡೂ ಸಿಕ್ಕವು. ಅಷ್ಟು ಹಿಂದೆ ಇಲ್ಲಿ ಅಡಿಗೆ ಮಾಡುತ್ತಿದ್ದವಳು ಯಾರೋ. ತೊಳೆದು ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ.

ಗುಡ್ಡ ಯಾಕೆ ಕಕ್ಕುತ್ತದೆ ಎಂಬುದನ್ನು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ತಲೆಗೆ ಹತ್ತಿರಲಿಲ್ಲ. ಮದುವೆಯಾಗಿ ಬಂದಮೇಲೆ ನಮ್ಮ ಯಜಮಾನರ ಗೋಲಿಸೋಡಾ ಅಂಗಡಿಯಲ್ಲಿ ಹತ್ತಿತು. "ನೀರೊಳಗೆ ಗ್ಯಾಸು ಅಡಗಿ ಕೂತಿರೋದು ಮೇಲಿಂದ ಅದುಮಿರೋವರೆಗೆ ಮಾತ್ರ ಕಣೆ ರುದ್ರಾಣಿ," ಎಂದು ಒಂದು ಸೀಸೆಯ ಗೋಲಿ ಒತ್ತಿ ತೋರಿಸಿದರು. "ಗೋಲಿ ಇಳೀತು ಅಂದ್ರೆ ಗುಳ್ಳೆ ಏಳುತ್ತೆ. ಎದ್ದ ಗುಳ್ಳೆ ಸುಮ್ನೆ ಬರಲ್ಲ, ನೀರನ್ನೂ ಹೊತ್ಕೊಂಡೇ ಬರೋದು." ಸೀರೆಯೆಲ್ಲ ನೆನೆದಿದ್ದರಿಂದ ಮರೆಯುವ ಹಾಗಿಲ್ಲ. ಉಳಿದದ್ದನ್ನು ನಾನೇ ಒಲೆಯ ಮುಂದೆ ಕೂಡಿಸಿಕೊಂಡೆ. ಗಂಜಿ ತೆಳ್ಳಗಿದ್ದರೆ ಗುಳ್ಳೆ ಬಂದು ಒಡೆದು ಹೋಗುತ್ತದೆ, ಹೆಚ್ಚೆಂದರೆ ಉಕ್ಕಿ ಹರಿಯುತ್ತದೆ. ಅಂಬಲಿ ಗಟ್ಟಿಯಾಯಿತೋ, ಗುಳ್ಳೆ ಒಳಗೇ ಸಿಕ್ಕಿಕೊಂಡು, ಉಬ್ಬಿ ಉಬ್ಬಿ, ಟಪ್ಪೆಂದು ಸಿಡಿದು ಮೊಣಕೈ ಸುಡುತ್ತದೆ. ನಮ್ಮ ಗುಡ್ಡದ ಹೊಟ್ಟೆಯಲ್ಲಿರುವುದು ಅಂಬಲಿ. ಅದರ ಗ್ಯಾಸು ಉಸಿರುಗಂಡಿಗಳಲ್ಲಿ ಸಣ್ಣಗೆ ಸೋರಿಹೋಗುತ್ತಿರುವವರೆಗೆ ನೆತ್ತಿಯ ಬಿರಡೆ ಇದ್ದಲ್ಲೇ ಇರುತ್ತದೆ. ಅದಕ್ಕೇ ಗಂಡಿಯ ಅಂಚಿಗೆ ಕಟ್ಟುವ ಗಂಧಕದ ಹಳದಿ ಹಕ್ಕಳೆಯನ್ನು ದಿನಾ ಬೆಳಿಗ್ಗೆ ಸಲಾಕೆಯಿಂದ ಹೆರೆಯಬೇಕು. ಬೇರೆ ಊರಿನವರು ಅಂಗಳ ಸಾರಿಸಿದಂತೆ ನಾವು ಗಂಡಿ ಹೆರೆಯುತ್ತೇವೆ.

ಎಷ್ಟು ಹೆರೆದರೂ ತೆಳುವಾದ ಒಂದು ಸುತ್ತು ಅಂಟಿಕೊಂಡೇ ಇರುತ್ತದೆ, ಮತ್ತು ಅದು ಹೆರೆಯುವವರ ದನಿ ಕಲಿಯುತ್ತದೆ. ಹೆರೆಯುವವರು ಕೆಮ್ಮಿದರೆ ಗಂಡಿಯೂ ವರ್ಷ ತಿರುಗುವುದರೊಳಗೆ ಕೆಮ್ಮುತ್ತದೆ. ನಮ್ಮ ಮನೆಯದು ಗೊಣಗುತ್ತದೆ. ಒಲೆಯಲ್ಲಿ ಒಂದು, ಒಲೆಯ ಮುಂದೆ ಒಂದು ಎಂದು ಯಜಮಾನರು ಬಂದವರ ಮುಂದೆಲ್ಲ ನಗುತ್ತಾರೆ. ನಗಲಿ. ಊರ ಹಿರಿಯರಾದ ಕಾಳಪ್ಪನವರ ಮನೆಯ ಗಂಡಿ ಮಾತ್ರ ತೀರಾ ಗಂಭೀರ, ಗಂಟಲು ಸರಿಮಾಡಿಕೊಂಡು ಏನೋ ಹೇಳುವಂತೆ ಮಾಡಿ ಏನೂ ಹೇಳುವುದಿಲ್ಲ.

ನಮ್ಮ ಓಣಿಯ ಮೇಲಿನ ತುದಿಯ ಮನೆ ಗುರುಸಿದ್ದಪ್ಪನವರದು. ನೆತ್ತಿಗೆ ಅದೇ ಹತ್ತಿರ, ಅದರ ಗಂಡಿಯೇ ಊರಿಗೆಲ್ಲ ದೊಡ್ಡದು. ಅವರು ಕಾಲು ಉಜ್ಜುವ ಕಲ್ಲು ಕೊರೆದು ಮಾರುತ್ತಿದ್ದರು. ನೀರಿಗೆ ಹಾಕಿದರೆ ತೇಲುವ ಹಗುರ ಕಲ್ಲು ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. "ಇದು ಕಲ್ಲಲ್ಲಮ್ಮ, ಯಾವತ್ತೋ ಗುಡ್ಡ ಉಕ್ಕಿದಾಗ ಎದ್ದ ನೊರೆ. ನೊರೆ ಒಡೆಯೋಕೂ ಪುರುಸೊತ್ತಿಲ್ದೆ ಹಾಗೇ ಗಟ್ಟಿಯಾಗಿದೆ," ಎಂದು ಅದರ ತೂತುಗಳನ್ನು ತೋರಿಸುತ್ತಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಚೆನ್ನಾಜಮ್ಮ, ನನಗೆ ಚೆನ್ನಾಜಕ್ಕ, ಅಡಿಗೆಯೊಂದನ್ನು ಬಿಟ್ಟು ಗಂಡಿಯ ತಂಟೆಗೆ ಹೋದವರಲ್ಲ. ಹೆರೆಯುವುದು ಗುರುಸಿದ್ದಪ್ಪನವರ ಕೆಲಸ. ಹೆರೆಯುತ್ತ ಒಂದು ರಾಗ ಗುನುಗುತ್ತಿದ್ದರು. ಪದವಿಲ್ಲದ ರಾಗ, ಎಲ್ಲಿಂದ ತಂದರೋ. ಮೂರನೆಯ ತಿರುವಿನಲ್ಲಿ ಅದು ಮೇಲೆ ಹತ್ತಬೇಕು. ಅವರು ಪ್ರತಿಸಲ ಅಲ್ಲಿ ಜಾರುತ್ತಿದ್ದರು. ಒಳಗಿನಿಂದ ಚೆನ್ನಾಜಕ್ಕ, "ಇಳೀತು ನೋಡಿ, ಮತ್ತೆ ಇಳೀತು," ಎಂದು ಕೂಗುವರು. ಅವರು ಸಲಾಕೆ ನಿಲ್ಲಿಸದೆ, "ಇಳೀಲಿ ಬಿಡೆ, ಮತ್ತೆ ಹತ್ತಿದ್ರಾಯ್ತು," ಅನ್ನುವರು. ನಾನು ಈ ಓಣಿಗೆ ಬಂದಾಗಿನಿಂದ ನನ್ನ ಬೆಳಗು ಆಗುತ್ತಿದ್ದದ್ದು ಈ ಜಗಳದಿಂದ. ಅವರ ಮನೆಯ ಗಂಡಿಯೂ ಅದೇ ರಾಗ ಹಾಡುತ್ತಿತ್ತು, ಅದೇ ಜಾಗದಲ್ಲಿ ಜಾರುತ್ತಿತ್ತು.

ಗುರುಸಿದ್ದಪ್ಪನವರು ಮಳೆಗಾಲ ಮುಗಿಯುತ್ತಿದ್ದಂತೆ ತೀರಿಕೊಂಡರು. ಎದೆನೋವು ಅಂದರು, ಮಲಗಿದರು, ಏಳಲಿಲ್ಲ. ಸಾವಾದ ಮನೆಯಲ್ಲಿ ಒಲೆ ಉರಿಯಬಾರದು. ಆದ್ದರಿಂದ ಆ ಮನೆಯ ಗಂಡಿಯ ಮೇಲೆ ಕಲ್ಲು ಇಡುತ್ತೇವೆ. ಪ್ರತಿ ಮನೆಯ ಹಿಂಬಾಗಿಲ ಪಕ್ಕ ಅದಕ್ಕೆಂದೇ ಒಂದು ಕಲ್ಲು ಒರಗಿಸಿರುತ್ತದೆ. ಆ ಮನೆಗೆ ಓಣಿಯವರು ಸರದಿಯಲ್ಲಿ ಊಟ ಕೊಡುತ್ತಾರೆ. ಆ ಗಂಡಿಯ ಪಾಲಿನ ಬಿಸಿಯನ್ನು ಅಕ್ಕಪಕ್ಕದ ಗಂಡಿಗಳು ಹೊರುತ್ತವೆ. ತಿಂಗಳ ತಿಥಿ ಕಳೆದಮೇಲೆ ಆ ಮನೆಯವರೇ ತಮ್ಮ ಕೈಯಾರೆ ಕಲ್ಲು ಸರಿಸಬೇಕು. ಸರಿಸಿದ ಕೂಡಲೇ ಹೆರೆಯಬೇಕು, ಯಾಕೆಂದರೆ ಮುಚ್ಚಿದ ಗಂಡಿಯಲ್ಲಿ ಹಕ್ಕಳೆ ಒಳಗೊಳಗೇ ಬೆಳೆದು ಗಂಟಲು ಕಟ್ಟಿರುತ್ತದೆ. ಬುಡದವರೆಗೆ ಹೆರೆದಾಗ ಸತ್ತವರ ದನಿ ಹೋಗುತ್ತದೆ. ಗಂಡಿ ಕೆಲವು ಕಾಲ ಮೂಕವಾಗಿದ್ದು ಹೊಸ ಕೈಯನ್ನು ಕಲಿಯುತ್ತದೆ. ಅದರ ಜೊತೆಗೆ ಇನ್ನೊಂದು ಕಟ್ಟಳೆ ಇದೆ. ಕಲ್ಲು ಯಾವಾಗ ತೆಗೆಯುತ್ತೀರಿ ಎಂದು ಹೊರಗಿನವರು ಕೇಳಕೂಡದು. ಕೇಳಿದವರ ಮನೆಯ ಗಂಡಿಗೇ ಮುಂದಿನ ಕಲ್ಲು ಎಂದು ನಂಬಿಕೆ.

ತಿಥಿ ಕಳೆಯಿತು. ಚೆನ್ನಾಜಕ್ಕ ಕಲ್ಲು ತೆಗೆಯಲಿಲ್ಲ.

ಪಕ್ಕದ ಮನೆ ನಮ್ಮದಾದ್ದರಿಂದ ಭಾರ ಮೊದಲು ಬಿದ್ದದ್ದು ನಮ್ಮ ಗಂಡಿಗೆ. ಕಾವಲಿಯ ಮೇಲೆ ಹಿಟ್ಟು ಹುಯ್ದು ಮಗುಚುವ ಕೈ ಹುಡುಕುವಷ್ಟರಲ್ಲಿ ದೋಸೆ ಕರಿ. ಸಾರಿಗೆ ಒಗ್ಗರಣೆ ಹಾಕಲು ಹೋದರೆ ಸಾಸಿವೆ ಸೂರಿಗೆ ಹಾರುತ್ತಿತ್ತು. ಪಾತ್ರೆ ಇಡಲು ಎತ್ತರದ ಮುಕ್ಕಾಲಿಯೊಂದನ್ನು ಕಮ್ಮಾರನ ಹತ್ತಿರ ಮಾಡಿಸಿಕೊಂಡೆ. ಅದನ್ನು ನೋಡಿ ಓಣಿಯವರೆಲ್ಲ ಮಾಡಿಸಿಕೊಂಡರು. ನಾವು ಇಂಥದಕ್ಕೆಲ್ಲ ಬೇಗ ಒಗ್ಗಿಕೊಳ್ಳುವ ಜನ. ಯಜಮಾನರು ಸೀದ ದೋಸೆ ತಿಂದು, "ಚೆನ್ನಾಗಿದೆ," ಅಂದರು. ಅದು ನನಗಲ್ಲ, ಗೋಡೆಯಾಚೆ ಇದ್ದ ಚೆನ್ನಾಜಕ್ಕನಿಗೆ ಕೇಳಲಿ ಎಂದು ಹೇಳಿದ್ದು.

ಒಂದು ಮಧ್ಯಾಹ್ನ ಅವರ ಪಾಲಿನ ಊಟ ಕೊಡಲು ಹೋದೆ. ಚೆನ್ನಾಜಕ್ಕ ಅಡಿಗೆಮನೆಯಲ್ಲಿ ಕಲ್ಲಿನ ಪಕ್ಕ ಅದಕ್ಕೆ ಬೆನ್ನು ತಾಗಿಸಿ ಕೂತಿದ್ದರು. ನಾನು ಏನೂ ಕೇಳಲಿಲ್ಲ. ತಟ್ಟೆ ಇಟ್ಟೆ, ನೀರಿಟ್ಟೆ, ಉಪ್ಪಿನಕಾಯಿ ಮರೆತೆ ಎಂದು ಹೇಳಿದೆ. ಅವರೇ ಮಾತು ತೆಗೆದರು.

"ಊರವರು ಏನಂತಾರೆ ಅಂತ ನಂಗೊತ್ತು ಕಣೆ."

"ಯಾರೂ ಏನೂ ಅಂದಿಲ್ಲಕ್ಕ."

"ಅನ್ನಲ್ಲ, ನಮ್ಮ ಜನ ಸಾಯೋವರೆಗೂ ಅನ್ನಲ್ಲ. ಕಲ್ಲು ತೆಗೆದ್ರೆ ಹೆರೀಬೇಕು. ಹೆರೆದ್ರೆ ಅವರಿಲ್ಲ. ಇಲ್ಲಿ ಕೆಳಗಾದ್ರೂ ಇರ್ಲಿ ಬಿಡು." ಕಲ್ಲನ್ನು ಅಂಗೈಯಲ್ಲಿ ಸವರಿದರು. "ಬೆಚ್ಚಗಿದೆ ನೋಡು."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ನಾನು ಉಪ್ಪಿನಕಾಯಿ ತರುತ್ತೇನೆಂದು ಎದ್ದು ಬಂದೆ.

ಅಷ್ಟು ಹೊತ್ತಿಗೆ ಗುಡ್ಡ ಉಬ್ಬತೊಡಗಿತ್ತು. ಮೊದಲು ಅದು ಗೊತ್ತಾದದ್ದು ನಿಂಬೆಹಣ್ಣಿನಿಂದ. ನೆಲದ ಮೇಲಿಟ್ಟರೆ ಊರ ಕೆಳಗಿನ ಕಡೆಗೆ ಉರುಳಿಹೋಗುತ್ತಿತ್ತು. ಬಾಗಿಲುಗಳು ಚೌಕಟ್ಟಿಗೆ ಕೂರಲಿಲ್ಲ. ಪಾತ್ರೆಯಲ್ಲಿ ಹಾಲು ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತಿತ್ತು. ಬಾವಿಯ ನೀರು ಬೆಚ್ಚಗಾದಾಗ ಜನ ಖುಷಿಪಟ್ಟದ್ದೂ ನಿಜ; ಹಂಡೆ ಕಾಯಿಸುವ ಕೆಲಸ ತಪ್ಪಿತು ಎಂದು ಮುದುಕರು ದಿನಕ್ಕೆರಡು ಸಲ ಮಿಂದರು. ಆಮೇಲೆ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂತು. ಮೇಲಿನ ಹಳ್ಳದಲ್ಲಿ ಹಕ್ಕಿಗಳು ಸತ್ತು ಬಿದ್ದಿದ್ದವು. ಗುಡ್ಡದ ಗಾಳಿ ಭಾರ, ತಗ್ಗಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ನೆಲದ ಮೇಲೆ ಮಲಗುವವರು ಮಂಚಕ್ಕೆ ಏರಿದರು, ತೊಟ್ಟಿಲುಗಳನ್ನು ಸೂರಿಗೆ ಎತ್ತಿ ಕಟ್ಟಿದರು. ಇಷ್ಟಾದರೂ ಒಬ್ಬರೂ ಚೆನ್ನಾಜಕ್ಕನ ಬಾಗಿಲಿಗೆ ಹೋಗಿ ಕೇಳಲಿಲ್ಲ. ಕೇಳದಿರುವುದರಲ್ಲಿ ನಮಗೆ ಒಂದು ಹೆಮ್ಮೆಯೂ ಇತ್ತು. ದುಃಖದಲ್ಲಿರುವವರನ್ನು ಅವಸರಪಡಿಸುವವರು ಬೇರೆ ಊರಿನವರು, ನಾವಲ್ಲ.

ಕೊನೆಗೆ ಕಾಳಪ್ಪನವರು ಬಂದರು. ಬಿಳಿ ಪಂಚೆ, ಊರುಗೋಲು. ಚೆನ್ನಾಜಕ್ಕನ ಜಗುಲಿಯಲ್ಲಿ ಕೂತು ಬೆಳೆ ಹೇಗಿದೆ ಎಂದು ಕೇಳಿದರು, ಅವರ ತವರೂರಿನ ಯೋಗಕ್ಷೇಮ ಕೇಳಿದರು, ಈ ಸಲ ಚಳಿ ಕಮ್ಮಿ ಅಂದರು. ನಾನು ನಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕಿವಿಯೆಲ್ಲ ಅಲ್ಲೇ ಇಟ್ಟಿದ್ದೆ. ಅವರು ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಜಗುಲಿಯ ಮೇಲಿಟ್ಟರು. ಅದು ಉರುಳಿತು, ಮೆಟ್ಟಿಲಿಳಿಯಿತು, ಓಣಿಯ ಇಳಿಜಾರಿನಲ್ಲಿ ಕಣ್ಮರೆಯಾಯಿತು. ಇಬ್ಬರೂ ಅದು ಹೋದ ಕಡೆ ನೋಡುತ್ತ ಕೂತರು.

"ನಿಂಬೆಹಣ್ಣು ಹೋಯ್ತಲ್ಲ ಕಾಳಪ್ನೋರೆ," ಅಂದರು ಚೆನ್ನಾಜಕ್ಕ.

"ಹೋಗ್ಲಿ ಬಿಡಮ್ಮ, ಮನೇಲಿ ಇನ್ನೂ ಇವೆ," ಎಂದು ಅವರು ಎದ್ದರು. ಗಂಟಲು ಸರಿಮಾಡಿಕೊಂಡರು. ಇನ್ನೇನು ಕೇಳುತ್ತಾರೆ ಎಂದು ನಾನು ಮೊರ ಬಿಟ್ಟು ಎದ್ದೆ. ಏನೂ ಹೇಳದೆ ಇಳಿದು ಹೋದರು. ಮೊಮ್ಮಕ್ಕಳಿರುವ ಮನೆ, ಅವರನ್ನು ಬೈಯುವ ಹಾಗೂ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ನಮ್ಮ ಗಂಡಿ ಗೊಣಗುವುದನ್ನು ನಿಲ್ಲಿಸಿತು. ನಾನು ಹೆಸರುಬೇಳೆ ಹುರಿಯುತ್ತಿದ್ದೆ. ಬುಡದಲ್ಲಿ ಸಣ್ಣಗೆ ಸುಂಯ್ ಎಂದದ್ದು ರಾಗವಾಗಿ ತಿರುಗಿತು. ಒಂದು ತಿರುವು, ಎರಡನೆಯ ತಿರುವು, ಮೂರನೆಯದರಲ್ಲಿ ಜಾರಿತು. ಕೈಯಲ್ಲಿದ್ದ ಸೌಟು ಬಿಟ್ಟೆ. ಬೇಳೆ ಸೀದರೆ ಸೀಯಲಿ ಎಂದು ಗೋಡೆಯ ಹತ್ತಿರ ಹೋಗಿ ಕೂಗಿದೆ. ಚೆನ್ನಾಜಕ್ಕ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಪೂರ್ತಿ ಕೇಳಿದರು. ಅವರ ಮುಖ ಕೆಂಪಾಯಿತು.

"ಇವರಿಗೆ ಇಲ್ಲೇನು ಕೆಲಸ?" ಅಂದರು.

ನಾನು ನಕ್ಕುಬಿಟ್ಟೆ, ಅವರಿಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಬದುಕಿದ್ದಾಗ ಒಂದು ದಿನ ನಿಮ್ಮನೆ ಕಾಫಿಗೂ ಬಂದವರಲ್ಲ. ಈಗ ನೋಡು."

ಅಂದಿನಿಂದ ದಿನಾ ಬೆಳಿಗ್ಗೆ ನಮ್ಮ ಅಡಿಗೆಮನೆಗೆ ಬಂದು ಕೂರುತ್ತಿದ್ದರು. ನಾನು ಹೆರೆಯುವುದನ್ನು ಕಣ್ಣಿಟ್ಟು ನೋಡುವರು. "ಮೆಲ್ಲಗೆ, ಆ ಕಡೆ ಬೇಡ, ಆ ಅಂಚು ಬಿಡು," ಎನ್ನುವರು. ಅವರ ಮಾತು ಕೇಳಿ ನಾನೂ ಮೆಲ್ಲಗೆ ಹೆರೆದೆ. ಹೆರೆದದ್ದು ಸಾಲದೆ ನಮ್ಮ ಗಂಡಿಯೂ ಕಿರಿದಾಯಿತು, ಭಾರ ಓಣಿಯ ಕೆಳಗಿನ ಮನೆಗಳಿಗೆ ದಾಟಿತು. ಭಾರದ ಜೊತೆಗೆ ರಾಗವೂ ದಾಟಿತು. ಒಂದೊಂದೇ ಮನೆಯಿಂದ ಸುದ್ದಿ ಬಂತು, ನಮ್ಮಲ್ಲೂ ಗುರುಸಿದ್ದಪ್ಪನವರು ಹಾಡುತ್ತಿದ್ದಾರೆ ಎಂದು. ಜನರಿಗೆ ಅದರಿಂದ ಸಂತೋಷವೇ ಆಯಿತು ಅನ್ನಬೇಕು. ಶಾಲೆಗೆ ಹೋಗುವ ಮಕ್ಕಳು ಅದನ್ನು ಶಿಳ್ಳೆ ಹಾಕಿದರು, ಬಾಣಂತಿಯರು ಅದಕ್ಕೆ ಜೋ ಜೋ ಸೇರಿಸಿಕೊಂಡು ತೊಟ್ಟಿಲು ತೂಗಿದರು.

ಒಂದು ದಿನ ಚೆನ್ನಾಜಕ್ಕ ಕಾಳಪ್ಪನವರ ಮೊಮ್ಮಗನ ನಾಮಕರಣಕ್ಕೆ ಊರ ಕೆಳಗಿನ ಬೀದಿಗೆ ಹೋದರು. ನಾನೂ ಜೊತೆಗಿದ್ದೆ. ಕೋಸಂಬರಿ ಹಂಚುತ್ತಿದ್ದಾಗ ಒಳಗಿನ ಗಂಡಿ ರಾಗ ಎತ್ತಿತು. ಎಲೆಯ ಮುಂದೆ ಕೂತಿದ್ದವರು ತಲೆದೂಗಿದರು. ಒಂದು ತಿರುವು, ಎರಡನೆಯ ತಿರುವು. ಮೂರನೆಯದರಲ್ಲಿ ಅದು ಜಾರಲಿಲ್ಲ. ಸಲೀಸಾಗಿ, ಹತ್ತಬೇಕಾದ ಕಡೆ ಹತ್ತಿ, ಮುಂದೆ ಹೋಯಿತು. ಅಷ್ಟು ಮನೆಗಳ ಹಕ್ಕಳೆಯಲ್ಲಿ ಉಜ್ಜಿಕೊಂಡು ಬರುವಷ್ಟರಲ್ಲಿ ಅದರ ಅಂಕುಡೊಂಕು ಸವೆದಿತ್ತು. ಪಕ್ಕದ ಹೆಂಗಸು, "ಎಷ್ಟು ಚೆನ್ನಾಗಿ ಹಾಡ್ತಿದಾರೆ ನಿಮ್ಮೋರು," ಎಂದು ಒಳ್ಳೆಯ ಮಾತು ಹೇಳಿದಳು.

ಚೆನ್ನಾಜಕ್ಕ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದರು. "ಅವರು ಹೀಗೆ ಹಾಡ್ತಿರಲಿಲ್ಲ," ಅಂದರು. ಯಾರಿಗೂ ಅರ್ಥವಾಗಲಿಲ್ಲ. "ಅವರು ಹೀಗಲ್ಲ ಹಾಡ್ತಿದ್ದದ್ದು. ಇಳೀತಿದ್ರು. ಅಲ್ಲಿ ಇಳೀತಿದ್ರು," ಎಂದು ಮತ್ತೆ ಜೋರಾಗಿ ಹೇಳಿ, ಊಟದ ನಡುವೆ ಎದ್ದು ಹೋದರು. ಅಂಥದ್ದನ್ನು ನಮ್ಮೂರಲ್ಲಿ ಯಾರೂ ಮಾಡುವುದಿಲ್ಲ. ನಾನು ಕೈತೊಳೆದು ಹಿಂದೆಯೇ ಓಡಿದೆ. ದಾರಿಯ ಪ್ರತಿ ಮನೆಯ ಮುಂದೆಯೂ ನಿಂತು ಕಿವಿಗೊಡುತ್ತ ಏರು ಹತ್ತಿದರು. ಕೆಳಗಿನ ಬೀದಿಯಲ್ಲಿ ಜಾರುವುದೇ ಇಲ್ಲ, ನಡುವಿನ ಬೀದಿಯಲ್ಲಿ ಜಾರಿದಂತೆಯೂ ಇಲ್ಲದಂತೆಯೂ. ನಮ್ಮ ಮನೆಯ ಮುಂದೆ ನಿಂತಾಗ ಒಳಗಿನಿಂದ ಬಂದದ್ದನ್ನು ನಾನೂ ಕಿವಿಗೊಟ್ಟು ಕೇಳಿದೆ. ನಾನು ದಿನಾ ಕೇಳುತ್ತಿದ್ದೆ, ಆದರೆ ಗಮನಿಸಿರಲಿಲ್ಲ. ನಮ್ಮಲ್ಲೂ ಅದು ಅರ್ಧ ಸರಿಹೋಗಿತ್ತು.

"ಮುಚ್ಚಿಟ್ಟು ಉಳಿಸ್ಕೊಂಡೆ ಅಂದ್ಕೊಂಡಿದ್ದೆ ಕಣೆ ರುದ್ರಾಣಿ," ಅಂದರು. "ಬೀದಿಗೆ ಬಿಟ್ಟಿದೀನಿ."

ಮರುದಿನ ಬೆಳಿಗ್ಗೆ ನೆತ್ತಿಯ ಬಿರಡೆಯಲ್ಲಿ ಬಿರುಕು ಕಂಡಿತ್ತು. ಅದರಿಂದ ಬೂದುಬಣ್ಣದ ಹೊಗೆಯ ಎಳೆ ಎದ್ದು ನಿಂತಿತ್ತು. ಜನ ಅಂಗಳದಲ್ಲಿ ನಿಂತು ನೋಡುತ್ತಿದ್ದರು, ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಚೆನ್ನಾಜಕ್ಕ ನೇರವಾಗಿ ನಮ್ಮ ಸೋಡಾ ಅಂಗಡಿಗೆ ಬಂದರು. ನಮ್ಮ ಯಜಮಾನರು ಸೀಸೆ ತೊಳೆಯುತ್ತಿದ್ದವರು ಗಾಬರಿಯಾಗಿ ಎದ್ದರು.

"ಉಕ್ಕದ ಹಾಗೆ ಸೋಡಾ ತೆಗೆಯೋದು ಹೇಗಪ್ಪ?" ಎಂದು ಕೇಳಿದರು.

ಯಜಮಾನರು ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. ಆಮೇಲೆ ಸೀಸೆಯೊಂದನ್ನು ತೆಗೆದುಕೊಂಡು ಮಗ್ಗಿ ಒಪ್ಪಿಸುವವರ ಹಾಗೆ ಹೇಳಿದರು. "ಒಂದೇ ಏಟಿಗೆ ಒತ್ತಿದ್ರೆ ಮುಖಕ್ಕೆ ಹೊಡೆಯುತ್ತೆ ಅಕ್ಕಾ. ಅದುಮಿದ್ದು ಒಟ್ಟಿಗೇ ಬಿಡ್ತು ಅಂದ್ರೆ ಗುಳ್ಳೆಯೆಲ್ಲ ಒಟ್ಟಿಗೇ ಏಳುತ್ತೆ. ಒಂಚೂರು ಒತ್ತಿ, ಸುಂಯ್ ಅನ್ನಿಸಿ, ತಡೀಬೇಕು. ಮತ್ತೆ ಒಂಚೂರು. ಬೇಜಾರಾಗ್ಬಾರ್ದು. ತುಂಬಾ ದಿನದಿಂದ ತುಂಬಿದ್ದು ಅಂದ್ರೆ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು.

"ಹೇಳು, ನೀನು ಕೇಳ್ಲಿಲ್ಲ, ನಾನು ಕೇಳಿದ್ದು. ನಿಮ್ಮನೆಗೆ ಏನೂ ಆಗಲ್ಲ."

"ತುಂಬಾ ದಿನದ್ದು ಅಂದ್ರೆ ಇನ್ನೂ ಮೆಲ್ಲಗೆ," ಅಂದರು ಯಜಮಾನರು.

ಬೇರೆಯವರ ಕೈ ಮುಟ್ಟುವಂತಿಲ್ಲವಾದ್ದರಿಂದ ನಾನು ಅವರ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತೆ. ಇಬ್ಬರೂ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದೆವು. ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದೆವು. ಚೆನ್ನಾಜಕ್ಕ ಸಲಾಕೆಯ ತುದಿಯನ್ನು ಕಲ್ಲಿನ ಅಡಿಗೆ ಕೊಟ್ಟು ಕೂದಲೆಳೆಯಷ್ಟು ಸರಿಸಿದರು. ಹಳದಿ ಹೊಗೆ ಚಾಕುವಿನಂತೆ ನೆಟ್ಟಗೆ ಹೊರಟಿತು. ನಿಲ್ಲಿಸಿದರು. ಅದು ಇಳಿಯುವವರೆಗೆ ಕಾದರು. ಮತ್ತೆ ಕೊಟ್ಟರು. ಬೆಳಗಿನ ಹೊತ್ತೆಲ್ಲ ಹೀಗೇ ಹೋಯಿತು. ನಡುನಡುವೆ ನೆಲ ನಡುಗುವುದು, ಗೂಡಿನ ಪಾತ್ರೆಗಳು ಗಲಗಲ ಅನ್ನುವುದು. ನನಗೆ ನಮ್ಮ ಬಾವಿಯಲ್ಲಿ ಸಿಕ್ಕ ಬಳೆಯ ತುಂಡು ನೆನಪಿಗೆ ಬಂತು. ಎದ್ದು ಓಡಿಹೋಗಬೇಕೆನ್ನಿಸಿದ್ದು ಸುಳ್ಳಲ್ಲ. ಓಡಿದರೆ ಎಲ್ಲಿಗೆ ಎಂದು ಕೂತೆ.

ಕಲ್ಲು ಅರ್ಧ ಸರಿದಾಗ ಗುರುಸಿದ್ದಪ್ಪನವರು ಹಾಡಿದರು. ಗಂಡಿ ಎಂದು ಹೇಳಬೇಕು, ಆದರೆ ಆ ಹೊತ್ತಿನಲ್ಲಿ ಅಲ್ಲಿದ್ದವರು ಯಾರೂ ಹಾಗೆ ಹೇಳುತ್ತಿರಲಿಲ್ಲ. ಅಷ್ಟು ದಿನದ ಗಾಳಿ ಒಳಗಿತ್ತಲ್ಲ, ದನಿ ಓಣಿಗೆಲ್ಲ ಕೇಳಿಸಿತು. ಆ ಕ್ಷಣಕ್ಕೆ ಊರಿನ ಉಳಿದ ಗಂಡಿಗಳೆಲ್ಲ ಬಾಯಿ ಮುಚ್ಚಿದವೆಂದು ಆಮೇಲೆ ತಿಳಿಯಿತು. ಒಂದು ತಿರುವು, ಎರಡನೆಯದು, ಮೂರನೆಯದರಲ್ಲಿ ಎಂದಿನಂತೆ, ಚೂರೂ ನಾಚಿಕೆಯಿಲ್ಲದೆ, ಜಾರಿದರು. "ಇಳೀತು ನೋಡು! ಇಳೀತು!" ಎಂದು ಚೆನ್ನಾಜಕ್ಕ ಚಪ್ಪಾಳೆ ತಟ್ಟಿದರು. ಮೂಗಿನ ಬಟ್ಟೆಯ ಮೇಲೆ ಅವರ ಕಣ್ಣೆರಡೇ ಕಾಣುತ್ತಿದ್ದವು. ಆ ಕಣ್ಣುಗಳಲ್ಲಿ ಅಂಥ ಸಂತೋಷವನ್ನು ನಾನು ಅವರ ಗಂಡ ಇದ್ದಾಗಲೂ ಕಂಡಿರಲಿಲ್ಲ.

ರಾಗ ಮತ್ತೆ ಮೊದಲಿನಿಂದ ಶುರುವಾಯಿತು. ಚೆನ್ನಾಜಕ್ಕ ಹೆರೆಯಲಿಲ್ಲ, ಕೇಳುತ್ತ ಕೂತರು. ಮೂರನೆಯ ಸಲಕ್ಕೆ ಕಲ್ಲು ಇದ್ದಲ್ಲೇ ಕುಣಿಯತೊಡಗಿತು. ಹಕ್ಕಳೆ ಬೆಲ್ಲದಚ್ಚಿನಷ್ಟು ದಪ್ಪ ಬೆಳೆದಿತ್ತು. ಅದರ ನಡುವಿನ ತೂತು ಬೆರಳು ತೂರುವಷ್ಟೇ, ಅದರಲ್ಲಿ ಎಷ್ಟು ತಾನೇ ಹೋದೀತು? ಅಂಗಳದಿಂದ ಯಜಮಾನರು ಕೂಗಿದರು, ಬೂದಿ ಬೀಳುತ್ತಿದೆ ಎಂದು. ಬಾಗಿಲಾಚೆ ಜರಡಿ ಹಿಡಿದ ಹಿಟ್ಟಿನಂತೆ ಬೂದಿ ಇಳಿಯುತ್ತಿತ್ತು. ಎದುರು ಮನೆಯವರು ಹಪ್ಪಳ ಎತ್ತಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲೂ ಯಾರೂ ಒಳಗೆ ಬಂದು "ಹೆರೆಯಮ್ಮ" ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಚೆನ್ನಾಜಕ್ಕ ಕಲ್ಲನ್ನು ಪೂರ್ತಿ ತಳ್ಳಿ ಸಲಾಕೆ ಎತ್ತಿದರು. ಮೊದಲ ಏಟಿಗೆ ಒಂದು ಚಕ್ಕೆ ಬಿತ್ತು, ರಾಗದ ಮೊದಲ ತಿರುವು ಬರಿಯ ಗಾಳಿಯಾಯಿತು. ಇನ್ನೊಂದು ಬದಿ ಹೆರೆದರು, ಎರಡನೆಯದು ಹೋಯಿತು. ಮದುವೆಯಾಗಿ ಅಷ್ಟು ವರ್ಷ ಸಲಾಕೆ ಹಿಡಿಯದ ಕೈ, ಎಲ್ಲಿ ತಾಗಿಸಬೇಕೆಂದು ಅದಕ್ಕೆ ಗೊತ್ತಿತ್ತು, ದಿನಾ ನಮ್ಮ ಮನೆಯಲ್ಲಿ ನೋಡುತ್ತಿದ್ದರಲ್ಲ. ಕೊನೆಗೆ ಆ ಜಾರುವ ದನಿಯೊಂದೇ ಉಳಿಯಿತು. ಮೇಲಿನಿಂದ ಕೆಳಕ್ಕೆ, ಮೇಲಿನಿಂದ ಕೆಳಕ್ಕೆ, ಬೇರೇನೂ ಇಲ್ಲದೆ ಅದೊಂದೇ. ಅವರು ಸಲಾಕೆ ಹಿಡಿದು ಅದನ್ನು ಕೇಳಿದರು. "ಆಯ್ತು, ಹೊರಡಿ," ಅಂದರು. ಹೆರೆದರು.

ಬೆಂಕಿಯ ಕಂಬವೊಂದು ಎದ್ದು ಸೂರು ಮುಟ್ಟಿತು, ಹೆಂಚುಗಳು ಹಾರಿದವು. ನಾನು ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಅಂಗಳದಲ್ಲಿ ಇಬ್ಬರೂ ಬೂದಿ ಮೆತ್ತಿಕೊಂಡು ನಿಂತೆವು. ಬಿರಡೆಯ ಹೊಗೆ ತೆಳುವಾಗುತ್ತ ಬಂತು. ಸಂಜೆಗೆ ಬಾಗಿಲುಗಳು ಚೌಕಟ್ಟಿಗೆ ಕೂತವು.

ಕಲ್ಲು ತೆಗೆದ ಮನೆಯ ಮೊದಲ ಅಡಿಗೆ ಭಾರ ಹೊತ್ತ ಮನೆಗಳಿಗೆ. ಚೆನ್ನಾಜಕ್ಕ ನಮಗೆ ಬಡಿಸಿದ ಅನ್ನ ಅರ್ಧ ಬೆಂದಿರಲಿಲ್ಲ, ಸಾರಿಗೆ ಉಪ್ಪಿರಲಿಲ್ಲ. ಯಜಮಾನರು, "ಚೆನ್ನಾಗಿದೆ," ಅಂದರು. ಗಂಡಿ ಸುಮ್ಮನೆ ಉರಿಯುತ್ತಿತ್ತು. ಊರಿನ ಬೇರೆ ಗಂಡಿಗಳಲ್ಲೂ ರಾಗ ಅಂದೇ ಹೋಗಿತ್ತು. ನಮ್ಮದು ಮತ್ತೆ ಗೊಣಗಲು ಹಿಡಿದಿತ್ತು. "ಏನು ಕೇಳಿಸುತ್ತೆ?" ಎಂದು ಚೆನ್ನಾಜಕ್ಕ ನನ್ನನ್ನು ಕೇಳಿದರು. ಏನೂ ಇಲ್ಲ, ಬರಿ ಗಾಳಿ ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಉಳಿದ ಚಳಿಗಾಲವೆಲ್ಲ ಅವರ ಗಂಡಿ ಮೂಕವ್ರತ ಹಿಡಿದಿತ್ತು. ಅವರೇ ದಿನಾ ಹೆರೆಯುತ್ತಿದ್ದರು, ಸೊಂಟ ನೋವೆಂದು ದೂರುತ್ತ, ಸಲಾಕೆ ಉದ್ದ ಸಾಲದೆಂದು ಬೈಯುತ್ತ. ಹಾಗಾದರೆ ಆ ಗಂಡಿಯೂ ನಮ್ಮದರಂತೆ ಗೊಣಗುವುದೇ ಸೈ ಎಂದುಕೊಂಡಿದ್ದೆ. ಯುಗಾದಿಯ ಮುಂಚೆ ಒಂದು ಬೆಳಿಗ್ಗೆ ಅವರ ಮೊರ ವಾಪಸು ಕೊಡಲು ಹೋದೆ. ಚೆನ್ನಾಜಕ್ಕ ನನಗೆ ಬೆನ್ನು ಹಾಕಿ ಕೂತು ಹೆರೆಯುತ್ತಿದ್ದರು. ರಾಗ ಕೇಳಿಸಿತು. ನಾನು ಗಂಡಿಯ ಕಡೆ ನೋಡಿದೆ, ಅದು ಸುಮ್ಮನಿತ್ತು. ಹಾಡುತ್ತಿದ್ದವರು ಚೆನ್ನಾಜಕ್ಕನೇ. ತಾನು ಹಾಡುತ್ತಿದ್ದೇನೆಂಬ ಅರಿವೂ ಇದ್ದಂತಿರಲಿಲ್ಲ. ಒಂದು ತಿರುವು, ಎರಡನೆಯದು, ಮೂರನೆಯದರಲ್ಲಿ ದನಿ ಜಾರಿತು.

"ಅಕ್ಕಾ, ಇಳೀತಲ್ಲ," ಅಂದೆ.

"ಇಳೀಲಿ ಬಿಡೆ, ಮತ್ತೆ ಹತ್ತಿದ್ರಾಯ್ತು," ಅಂದರು.

ಸಲಾಕೆ ನಿಂತಿತು. ಅವರು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಮತ್ತೆ ಹೆರೆಯತೊಡಗಿದರು, ಅಂಚಿನ ಒಂದು ಚೂರನ್ನು ಬಿಟ್ಟು, ಉಳಿದ ಸುತ್ತನ್ನೆಲ್ಲ.